ಸಿಹಿಗುಂಬಳ: ಬೀಜದಿಂದ ಒಲೆಯವರೆಗೆ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆ ಸಿಹಿಗುಂಬಳ ಹಾಕಿದವರು ಹೇಳುವ ದೂರು ಸಾಮಾನ್ಯವಾಗಿ ಒಂದೇ: "ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಬೇಕಾದಷ್ಟಿದೆ, ಕಾಯಿ ಮಾತ್ರ ನಿಲ್ಲುವುದಿಲ್ಲ." ಜಯಮಂಗಲಿ ವರ್ಷದ ಬಹುಕಾಲ ಒಣಗಿರುವ ಈ ಸೀಮೆಯಲ್ಲಿ ಕೊಳವೆ ಬಾವಿಯ ನೀರುಂಡ ಬಳ್ಳಿ ಬರಿಯ ಎಲೆ ಕೊಟ್ಟರೆ ಅದು ಸಣ್ಣ ನಷ್ಟವಲ್ಲ. ಗೊಬ್ಬರ ಸಾಲದೆಂದು ಯೂರಿಯಾ ಹಾಕುವವರಿದ್ದಾರೆ. ಅದರಿಂದ ಬಳ್ಳಿಯ ಸೊಕ್ಕು ಹೆಚ್ಚುವುದೇ ಹೊರತು ಕಾಯಿ ಹೆಚ್ಚುವುದಿಲ್ಲ.

ಮೊದಲು ಹೂವನ್ನು ಗಮನಿಸಿ. ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವುವೆಲ್ಲ ಗಂಡು. ಅವು ಉದುರಿದರೆ ಗಾಬರಿ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಕಾಣುತ್ತದೆ. ಹೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಅಷ್ಟರೊಳಗೆ ಜೇನು ಪರಾಗ ತಂದು ಮುಟ್ಟಿಸದಿದ್ದರೆ ಮಿಡಿ ಹಳದಿಗಟ್ಟಿ ಬೀಳುತ್ತದೆ. ನೀವು ಬೆಳಗ್ಗೆ ಏಳಕ್ಕೆ ಕೀಟನಾಶಕ ಸಿಂಪಡಿಸಿದರೆ ಸಾಯುವುದು ಈ ಜೇನೇ. ಸಿಂಪರಣೆ ಅನಿವಾರ್ಯವಾದರೆ ಸಂಜೆ ಮಾಡಿ. ಜೇನು ಕಡಿಮೆಯಿದ್ದರೆ ಆಗತಾನೇ ಅರಳಿದ ಗಂಡು ಹೂವಿನ ದಳ ಕಿತ್ತು, ಅದರ ಕೇಸರವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಉಜ್ಜಿ. ಮನೆಯ ಮಕ್ಕಳೂ ಮಾಡಬಹುದಾದ ಕೆಲಸ.

ಬಿತ್ತನೆಗೆ ಜೂನ್-ಜುಲೈ ಇಲ್ಲವೇ ಜನವರಿ ಸೂಕ್ತ. ಗುಣಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೂರು ನಾಲ್ಕು ಬೀಜಗಳನ್ನು ಎರಡು ಸೆಂಟಿಮೀಟರ್ ಆಳಕ್ಕೆ ಊರಿ, ಎದ್ದ ಮೇಲೆ ಎರಡನ್ನು ಉಳಿಸಿಕೊಳ್ಳಿ. ಎಳೆಯ ಸಸಿಯ ಎಲೆಯನ್ನು ಕೆಂಪು ದುಂಬಿ ತೂತು ಮಾಡುತ್ತದೆ. ಬೆಳಗಿನ ತಂಪಿನಲ್ಲಿ ಅದು ಮಂದವಾಗಿರುವಾಗ ಆರಿಸಿ ಕೊಲ್ಲಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಚಂದನ್' ಎರಡು ಮೂರು ಕಿಲೋ ತೂಗುವ, ಕಿತ್ತಳೆ ತಿರುಳಿನ ತಳಿ. 'ಅರ್ಕಾ ಸೂರ್ಯಮುಖಿ'ಯ ಕಾಯಿ ಚಿಕ್ಕದು, ಆದರೆ ಹಣ್ಣು ನೊಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಚಿಕ್ಕ ಸಂಸಾರಗಳ ಈ ಕಾಲದಲ್ಲಿ ಚಿಕ್ಕ ಕಾಯಿಯೇ ಮೇಲೆಂದು ನನ್ನ ಅಭಿಪ್ರಾಯ. ನೊಣ ಚುಚ್ಚಿ ಕೊಳೆತ ಕಾಯಿಗಳನ್ನು ಬದುವಿಗೆ ಎಸೆಯಬೇಡಿ. ಒಂದೂವರೆ ಅಡಿ ಆಳದಲ್ಲಿ ಹೂಳಿ, ಹೊಲದಲ್ಲಿ ಕ್ಯೂಲೂರ್ ಬಲೆಗಳನ್ನು ತೂಗುಹಾಕಿ.

ಬೀಜ ಉಳಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಪಕ್ಕದ ಹೊಲದ ಬೇರೆ ಕುಂಬಳದ ಪರಾಗ ಬಿದ್ದರೆ ಈ ವರ್ಷದ ಕಾಯಿಯ ರುಚಿ ಕೆಡುವುದಿಲ್ಲ, ಮುಂದಿನ ವರ್ಷದ ಬೆಳೆ ಕೆಡುತ್ತದೆ. ಆದ್ದರಿಂದ ಬೀಜದ ಹೂವನ್ನು ಹಿಂದಿನ ಸಂಜೆಯೇ ದಾರದಿಂದ ಕಟ್ಟಿ, ಬೆಳಗ್ಗೆ ಅದೇ ತಳಿಯ, ಅದೇ ರೀತಿ ಕಟ್ಟಿಟ್ಟ ಗಂಡು ಹೂವಿನ ಪರಾಗ ಮುಟ್ಟಿಸಿ, ಮತ್ತೆ ಕಟ್ಟಿ. ಕಹಿಯಾದ ಕುಂಬಳವನ್ನು ಎಂದೂ ತಿನ್ನಬಾರದು. ಆ ಕಹಿ ವಿಷಕಾರಿ, ಬೇಯಿಸಿದರೆ ಹೋಗುವಂಥದ್ದಲ್ಲ.

ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಇಳಿಯದಂತಾದಾಗ ಎರಡು ಅಂಗುಲ ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟು ಮುರಿದರೆ ಅಲ್ಲಿಂದಲೇ ಕೊಳೆ ಹತ್ತುತ್ತದೆ. ಗಾಳಿಯಾಡುವ ಅಟ್ಟದಲ್ಲಿ ಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟರೆ ಎರಡು ಮೂರು ತಿಂಗಳು ಕೆಡದು. ಹಿಂದೂಪುರದ ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ದಿನವೇ ಮಾರಲೇಬೇಕೆಂಬ ಬಲವಂತ ಆಗ ಇರುವುದಿಲ್ಲ.

ಹುಳಿ, ಪಲ್ಯ, ಕಡುಬು ನಿಮ್ಮ ಮನೆಯವರಿಗೆ ನಾನು ಹೇಳಿಕೊಡಬೇಕಿಲ್ಲ. ಸಿಪ್ಪೆಯ ಚಟ್ನಿಯನ್ನೂ ಹುರಿದ ಬೀಜವನ್ನೂ ಮರೆಯದಿರಿ. ಈಗ ಕೆಲವರು ಶಾವಿಗೆ ಕುಂಬಳದ ಬೀಜ ತರಿಸುತ್ತಿದ್ದಾರೆ. ಇದು ಬೇರೆ ಜಾತಿ. ಬೆಂದ ತಿರುಳು ಎಳೆ ಎಳೆಯಾಗಿ ಬಿಡುತ್ತದೆ. ಎಳೆಗಳು ಕಾಯಿಯ ಸುತ್ತಲೂ ಬಳಸಿಕೊಂಡಿರುವುದರಿಂದ ಅಡ್ಡಲಾಗಿ ಕೊಯ್ದರೆ ಉದ್ದ ಶಾವಿಗೆ ಸಿಗುತ್ತದೆ. ಮೊದಲ ಸಲ ನಾನು ಉದ್ದಕ್ಕೆ ಸೀಳಿ, ಬರೀ ತುಂಡು ಎಳೆಗಳನ್ನು ತಿಂದೆ. ಬೀಜ ತೆಗೆದು, ಹಬೆಯಲ್ಲಿ ಮೆದುವಾಗುವವರೆಗೆ ಬೇಯಿಸಿ, ಚಮಚದ ಮುಳ್ಳಿನಿಂದ ಕೆರೆದು, ಸಾಸಿವೆ, ಕಡಲೆಕಾಯಿ ಬೀಜದ ಒಗ್ಗರಣೆ ಕೊಟ್ಟು ನಿಂಬೆ ಹಿಂಡಿ. ಹೆಚ್ಚು ಬೇಯಿಸಿದರೆ ಮುದ್ದೆಯಾಗುತ್ತದೆ. ಈ ಬಳ್ಳಿಗೆ ಬೂದಿ ರೋಗದ ಕಾಟ ಉಂಟು, ಮಾರುಕಟ್ಟೆಯೂ ಇನ್ನೂ ಗೊತ್ತಾಗಿಲ್ಲ. ಈ ವರ್ಷ ನಾಲ್ಕು ಗುಣಿಗಳಲ್ಲಿ ಮಾತ್ರ ಹಾಕಿ ನೋಡಿ.