ಹಣ್ಣು, ಬ್ರೆಡ್ಡು, ಬಣ್ಣದ ಕಡ್ಡಿ: ದೊಡ್ಡಬಳ್ಳಾಪುರದಿಂದ ಕಿದ್ವಾಯಿವರೆಗೆ ಮಕ್ಕಳ ವಾರ್ಡು

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಲ್ಲದ ಮಧ್ಯಾಹ್ನ ಅಪರೂಪ. ಕರೆಂಟು ಹೋದಾಗಲೇ ನೇಕಾರರ ಬೀದಿಗಳು ಸುಮ್ಮನಾಗುವುದು. ಬೆಂಗಳೂರಿನಿಂದ ನಲವತ್ತು ಕಿಲೊಮೀಟರ್ ಆಸುಪಾಸಿನ ಈ ಊರಿನಲ್ಲಿ ಇನ್ನೊಂದು ವಾಡಿಕೆಯೂ ತಪ್ಪುವುದಿಲ್ಲ. ಶಾಸಕರ ಹುಟ್ಟುಹಬ್ಬ, ಪಕ್ಷದ ಮುಖಂಡರ ಹುಟ್ಟುಹಬ್ಬ, ಮಾರ್ಚ್ 17ಕ್ಕೆ ಅಪ್ಪು ಹುಟ್ಟುಹಬ್ಬ, ಏಪ್ರಿಲ್ 24ಕ್ಕೆ ಅಣ್ಣಾವ್ರದು. ಬೆಳಿಗ್ಗೆ ದೇವಸ್ಥಾನದಲ್ಲಿ ಪೂಜೆ, ಆಮೇಲೆ ಸರ್ಕಾರಿ ಆಸ್ಪತ್ರೆಯ ಒಳರೋಗಿಗಳಿಗೆ ಹಾಲು, ಹಣ್ಣು, ಬ್ರೆಡ್ ವಿತರಣೆ. ನೆಲಮಂಗಲ, ಹೊಸಕೋಟೆ, ದೇವನಹಳ್ಳಿಯಲ್ಲೂ ಇದೇ ಕ್ರಮ. ಮರುದಿನ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಒಂದು ಸೇಬಿಗೆ ಎಂಟು ಕೈ ಹಚ್ಚಿಕೊಂಡು ನಿಂತವರ ಫೋಟೊ. ರೋಗಿ ಎಲ್ಲೋ ಮೂಲೆಯಲ್ಲಿ, ಅರ್ಧ ಮುಖ.

ಇದನ್ನು ಗೇಲಿ ಮಾಡುವುದು ಸುಲಭ, ಆದರೆ ಪೂರ್ತಿ ನ್ಯಾಯವಲ್ಲ. ಬೆಳಿಗ್ಗೆಯಿಂದ ಒಂದು ಲೋಟ ಟೀ ಬಿಟ್ಟರೆ ಬೇರೇನೂ ಕಾಣದೆ ಮಗುವಿನ ಪಕ್ಕ ಕೂತ ತಾಯಿಗೆ ಆ ಬ್ರೆಡ್ಡೇ ಮಧ್ಯಾಹ್ನದ ಊಟ. ನನ್ನ ತಕರಾರು ಬೇರೆಯದು. ದೊಡ್ಡವರ ವಾರ್ಡಿಗೆ ಕೊಟ್ಟದ್ದನ್ನೇ ಮಕ್ಕಳ ವಾರ್ಡಿಗೂ ಕೊಟ್ಟು ಮುಂದೆ ಹೋಗುತ್ತೇವಲ್ಲ, ಅದು. ಜ್ವರದ ಬಾಯಿಯ ಮಗು ಬ್ರೆಡ್ಡನ್ನು ಮೂಸಿಯೂ ನೋಡುವುದಿಲ್ಲ.

ತಾಲ್ಲೂಕು ಮಟ್ಟದ ಆಸ್ಪತ್ರೆಗೆ ಮಕ್ಕಳು ಸೇರುವುದು ಹೆಚ್ಚಾಗಿ ಡೆಂಗಿ ಜ್ವರಕ್ಕೆ, ವಾಂತಿ–ಭೇದಿಗೆ, ಎದೆಯಲ್ಲಿ ಕಫ ಕಟ್ಟಿದ್ದಕ್ಕೆ. ಮೂರೋ ನಾಲ್ಕೋ ದಿನದ ವಾಸ. ಮೊದಲ ದಿನ ಮಗು ಸುಸ್ತಾಗಿ ಮಲಗಿರುತ್ತದೆ, ಯಾರಿಗೂ ತೊಂದರೆಯಿಲ್ಲ. ಜ್ವರ ಇಳಿದ ಮೇಲೆ ಶುರು ಫಜೀತಿ. ಇಳಿಯಬೇಡ, ಓಡಬೇಡ, ಡ್ರಿಪ್ ಎಳೀಬೇಡ. ಹೊತ್ತು ಹೋಗುವುದಿಲ್ಲ. ಅಪ್ಪನ ಮೊಬೈಲು ಕೈಗೆ ಬರುತ್ತದೆ, ಚಾರ್ಜು ಮುಗಿಯುವವರೆಗೆ ವಾರ್ಡು ಶಾಂತ. ಗೋಡೆಯ ಮೇಲೆ ಛೋಟಾ ಭೀಮ್, ಮಿಕ್ಕಿ ಮೌಸ್, ಅಆಇಈ ಚಾರ್ಟ್ ಬರೆಸಿರುವ ಆಸ್ಪತ್ರೆಗಳು ಈಗ ಬೇಕಾದಷ್ಟಿವೆ. ಅವು ಕಾಣುವುದು ಬಾಗಿಲಲ್ಲಿ ನಿಂತವರಿಗೆ. ಮಂಚದ ಮೇಲೆ ಅಂಗಾತ ಮಲಗಿದ ಮಗುವಿಗೆ ಕಾಣುವುದು ಸೀಲಿಂಗ್ ಫ್ಯಾನು. ಚಿತ್ರ ಬರೆಸುವವರು ಒಮ್ಮೆ ಆ ಮಂಚದ ಮೇಲೆ ಮಲಗಿ ನೋಡಿದ್ದರೆ ಛಾವಣಿಗೂ ನಾಲ್ಕು ನಕ್ಷತ್ರ, ಒಂದು ಗಾಳಿಪಟ ಸಿಗುತ್ತಿತ್ತು.

ಇನ್ನೊಂದು ಸಣ್ಣ ಸಂಗತಿ. ಕ್ಯಾನುಲಾ ಹಾಕುವಾಗ ಅನುಭವಿ ನರ್ಸ್ ಕೇಳುವ ಪ್ರಶ್ನೆಯೊಂದಿದೆ: ‘ಯಾವ ಕೈಲಿ ಬರೀತೀಯ ಪುಟ್ಟಾ?’ ನರ ಸಿಕ್ಕರೆ ಸೂಜಿ ಇನ್ನೊಂದು ಕೈಗೆ. ಬಲಗೈಗೆ ರಟ್ಟು ಕಟ್ಟಿ ಪ್ಲಾಸ್ಟರ್ ಸುತ್ತಿಬಿಟ್ಟರೆ ಆ ಮಗುವಿಗೆ ನೀವು ಎಂಥ ಡ್ರಾಯಿಂಗ್ ಬುಕ್ ತಂದರೂ ಅಷ್ಟೇ. ಎಡಗೈಯಲ್ಲಿ ಬಳಿಯಲಿಕ್ಕೆ ದಪ್ಪ ಬಣ್ಣದ ಕಡ್ಡಿ ಬೇಕು, ಹಾಳೆ ಸರಿಯದಂತೆ ಹಿಡಿಯಲು ಕ್ಲಿಪ್ ಇರುವ ಪ್ಯಾಡು ಬೇಕು. ಪರೀಕ್ಷೆಗೆ ಒಯ್ಯುವಂಥ ಮಾಮೂಲಿ ಪ್ಯಾಡೇ ಸಾಕು.

ಆಟಿಕೆ ಎಂದರೆ ಚಿಕಿತ್ಸೆಗೆ ಹೊರತಾದ ಚೆಂದ ಎಂಬ ಭಾವನೆ ನಮ್ಮಲ್ಲಿದೆ. ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಹತ್ತು ಹೆಜ್ಜೆಗಳಲ್ಲಿ ಒಂಬತ್ತನೆಯದು ಆಟ ಮತ್ತು ಅಕ್ಕರೆ. ಸಕ್ಕರೆಯ ಅಂಶ ಕುಸಿಯದಂತೆ ನೋಡು, ಮೈ ಬೆಚ್ಚಗಿಡು, ಸೋಂಕಿಗೆ ಔಷಧಿ ಕೊಡು ಎನ್ನುವ ಸಾಲಿನಲ್ಲೇ ಅದೂ ನಿಂತಿದೆ. ಇದರ ಹಿಂದೆ ಜಮೈಕಾದ ಕೆಲಸವಿದೆ. 1970ರ ದಶಕದಲ್ಲಿ ಕಿಂಗ್‌ಸ್ಟನ್‌ನಲ್ಲಿ ಸ್ಯಾಲಿ ಗ್ರಾಂಥಮ್–ಮೆಕ್‌ಗ್ರೆಗರ್ ಎಂಬ ವೈದ್ಯೆ ಅಪೌಷ್ಟಿಕತೆಯಿಂದ ಆಸ್ಪತ್ರೆ ಸೇರಿದ ಮಕ್ಕಳ ಜೊತೆ ದಿನವೂ ಆಟ ಆಡಿಸುವ ವ್ಯವಸ್ಥೆ ಮಾಡಿದರು. ಬಿಡುಗಡೆಯ ಮೇಲೆ ಮನೆಗೂ ಆಟಿಕೆ ಹೋಗುತ್ತಿತ್ತು, ತಾಯಿಗೆ ಆಡಿಸುವುದನ್ನು ಹೇಳಿಕೊಡುತ್ತಿದ್ದರು. ಊಟ, ಔಷಧಿ ಮಾತ್ರ ಸಿಕ್ಕ ಮಕ್ಕಳ ಮೈ ತುಂಬಿಕೊಂಡರೂ ಬುದ್ಧಿಯ ಬೆಳವಣಿಗೆ ಹಿಂದೆ ಉಳಿಯಿತು. ಆಟವೂ ಸಿಕ್ಕವರು ಬಹಳ ಮುಂದೆ ಬಂದರು. ನಮ್ಮ ಸರ್ಕಾರಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳ 2011ರ ಮಾರ್ಗಸೂಚಿಯಲ್ಲಿಯೂ ಆಟದ ಜಾಗ, ಆಟಿಕೆ ಕಡ್ಡಾಯವಾಗಿ ಬರುವುದು ಈ ಕಾರಣಕ್ಕೆ.

ಸ್ವಾರಸ್ಯ ಏನೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುವುದು ಅಂಗಡಿಯ ಆಟಿಕೆಯನ್ನಲ್ಲ. ಖಾಲಿ ನೂಲಿನ ಉರುಳೆಗಳನ್ನು ದಾರಕ್ಕೆ ಪೋಣಿಸಿ ಬಳೆಯಂತೆ ಕಟ್ಟು, ಬಿಗಿಯಾದ ಮುಚ್ಚಳದ ಡಬ್ಬಿಯನ್ನು ಡೋಲು ಮಾಡು, ಪಾರದರ್ಶಕ ಬಾಟಲಿಗೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ತುಂಬಿ ಗಿಲಕಿ ಮಾಡು, ಚಿಂದಿ ಬಟ್ಟೆಯಿಂದ ಗೊಂಬೆ ಹೊಲಿ. ಇದನ್ನು ದೊಡ್ಡಬಳ್ಳಾಪುರದಲ್ಲಿ ಕೂತು ಓದಬೇಕು! ರೇಷ್ಮೆ ಸೀರೆ ನೇಯುವ ಈ ಊರಿನ ಮಗ್ಗದ ಮನೆಗಳಲ್ಲಿ ಖಾಲಿ ಬಾಬಿನ್ನು, ಪ್ಲಾಸ್ಟಿಕ್ ಕೋನು, ಬಣ್ಣಬಣ್ಣದ ನೂಲಿನ ತುಂಡಿಗೆ ಬರವೇ? ಜಮೈಕಾದ ಆಟಿಕೆಗೆ ಬೇಕಾದ ಕಚ್ಚಾಮಾಲು ಇಲ್ಲಿ ಕಸದ ಬುಟ್ಟಿಯಲ್ಲಿದೆ. ಒಂದರ ಮೇಲೊಂದು ಕೋನು ಕೂರಿಸಿ ಗೋಪುರ ಕಟ್ಟುವ ಆಟವನ್ನು ಮಗ್ಗದ ಮನೆಯ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಎಚ್ಚರಿಕೆ ಒಂದೇ: ಮಗುವಿನ ಬಾಯೊಳಗೆ ಹೋಗುವಷ್ಟು ಚಿಕ್ಕದು ಬೇಡ, ಉದ್ದನೆ ದಾರ ಜೋತಾಡಬಾರದು.

ಕಾಯಿಲೆ ದೊಡ್ಡದಾದರೆ ಕಥೆ ಬೇರೆ. ಬೆಂಗಳೂರು ಗ್ರಾಮಾಂತರ 1986ರಲ್ಲಿ ಬೇರೆ ಜಿಲ್ಲೆಯಾಯಿತು. ಆದರೂ ದೊಡ್ಡ ಕಾಯಿಲೆಗೆ ಇಲ್ಲಿನ ನಾಲ್ಕೂ ತಾಲ್ಲೂಕಿನವರು ಹಿಡಿಯುವುದು ನಗರದ ಬಸ್ಸನ್ನೇ. ದೊಡ್ಡಬಳ್ಳಾಪುರದಿಂದ ಯಲಹಂಕ, ಅಲ್ಲಿಂದ ಮೆಜೆಸ್ಟಿಕ್ಕು, ಮತ್ತೆ ಬಸ್ಸು ಬದಲಿಸಿ ನಗರದ ಆಚೆ ಮಗ್ಗುಲಿನ ಮರಿಗೌಡ ರಸ್ತೆ. ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎಲ್ಲ ಅಲ್ಲೇ ಆಸುಪಾಸಿನಲ್ಲಿವೆ. ಕಿದ್ವಾಯಿ ಶುರುವಾದದ್ದು 1973ರಲ್ಲಿ. ಕ್ಯಾನ್ಸರಿನ ಮಕ್ಕಳನ್ನು ಕರೆದುಕೊಂಡು ರಾಜ್ಯದ ಮೂಲೆಮೂಲೆಯಿಂದ, ಆಂಧ್ರದ ಗಡಿಯಿಂದಲೂ ಜನ ಬರುತ್ತಾರೆ. ಆವರಣದಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ಇದೆ. ದೂರದೂರಿನವರಿಗೆ ತಿಂಗಳುಗಟ್ಟಲೆ ಅದೇ ಮನೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಎರಡನೇ ತರಗತಿಯಲ್ಲಿ ಬಂದ ಮಗು ಐದನೆಯದಕ್ಕೆ ಮರಳಬೇಕು. ನಡುವೆ ಶಾಲೆಯಿಲ್ಲ, ಓರಗೆಯವರಿಲ್ಲ, ತಲೆಗೂದಲಿಲ್ಲ. ಸಮೀಕ್ಷಾ ಫೌಂಡೇಶನ್ ಕಿದ್ವಾಯಿಯ ಮಕ್ಕಳಿಗಾಗಿ ದುಡಿಯುತ್ತಿರುವುದು ಈ ಖಾಲಿ ಜಾಗದಲ್ಲಿ. ಚಿಕಿತ್ಸೆಯ ನಡುವೆಯೇ ಪಾಠ, ಚಿತ್ರಕಲೆ, ಸಂಗೀತ. ನನಗೆ ಇದರಲ್ಲಿ ಹಿಡಿಸುವುದು ಅದರ ದಿನನಿತ್ಯತನ. ನಿನ್ನೆ ಅರ್ಧಕ್ಕೆ ಬಿಟ್ಟ ಚಿತ್ರವನ್ನು ನಾಳೆ ಮುಂದುವರಿಸಬಹುದು ಎಂದರೆ ನಾಳೆಯ ದಿನದಲ್ಲಿ ಸೂಜಿಯ ಹೊರತು ಬೇರೇನೋ ಇದೆ ಎಂದಾಯಿತು. ವರ್ಷಕ್ಕೊಮ್ಮೆ ನವೆಂಬರ್ 14ಕ್ಕೆ ಬಲೂನು ಹಿಡಿದು ಬರುವವರಿಂದ ಆಗದ ಕೆಲಸ ಇದು.

ಇಂಥ ವಾರ್ಡಿಗೆ ಉಡುಗೊರೆ ಒಯ್ಯುವವರಿಗೆ ಮೊದಲ ಆಘಾತ ಬಾಗಿಲಲ್ಲೇ ಆಗುತ್ತದೆ. ಕಿಮೊಥೆರಪಿಯಿಂದ ಮಕ್ಕಳ ಬಿಳಿರಕ್ತಕಣ ಇಳಿದಿರುತ್ತದೆ; ಸಣ್ಣ ಸೋಂಕೂ ಜೀವಕ್ಕೆ ಬರಬಹುದು. ಹಾಗಾಗಿ ಹೂಗುಚ್ಛ ಬೇಡ. ಮೆತ್ತನೆ ಟೆಡ್ಡಿ ಬೇರ್ ಬೇಡ, ಅದರ ರೋಮದಲ್ಲಿ ಧೂಳು ಕೂರುತ್ತದೆ. ಮನೆಯ ಮಕ್ಕಳು ಆಡಿಬಿಟ್ಟ ಹಳೆಯ ಆಟಿಕೆ ಬೇಡವೇ ಬೇಡ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಕತ್ತರಿ, ಚೂಪು ಪೆನ್ಸಿಲ್ ಕೂಡ ದೂರ. ನೆಗಡಿಯಾದವರು ಎಷ್ಟೇ ಪ್ರೀತಿಯಿದ್ದರೂ ಆಚೆಯೇ ನಿಲ್ಲಬೇಕು. ಉಳಿಯುವುದು ತೊಳೆಯಲು, ಒರೆಸಲು ಬರುವಂಥದ್ದು, ಹೊಸ ಪ್ಯಾಕೆಟ್ಟಿನಲ್ಲಿರುವಂಥದ್ದು, ಒಂದು ಮಗುವಿಗೆ ಒಂದರಂತೆ ಸಿಗುವಂಥದ್ದು.

ಹಾಗಾದರೆ ಚನ್ನಪಟ್ಟಣದ ಗೊಂಬೆ? 2007ರಲ್ಲಿ ರಾಮನಗರ ಜಿಲ್ಲೆ ಆಗುವವರೆಗೆ ಚನ್ನಪಟ್ಟಣವೂ ಬೆಂಗಳೂರು ಗ್ರಾಮಾಂತರದ್ದೇ. ಗೊಂಬೆ ಊರು ನಮ್ಮ ಜಿಲ್ಲೆಯದು ಎಂದು ಹೇಳಿಕೊಂಡ ಕಾಲ ಇತ್ತು. ಹಾಲೆಮರವನ್ನು ತಿರುಗಣೆಗೆ ಕೊಟ್ಟು, ಅರಗಿನ ಬಣ್ಣ ಹತ್ತಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಿದ ಆ ನುಣುಪಿಗೆ ಚೂಪು ಅಂಚಿಲ್ಲ, ರೋಮವಿಲ್ಲ. ಆಸ್ಪತ್ರೆಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ. ಒಂದು ತೊಡಕಿದೆ. ಆಸ್ಪತ್ರೆಯಲ್ಲಿ ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಒರೆಸುವ ಅಭ್ಯಾಸ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ನಾಲ್ಕು ಸಲ ಒರೆಸಿದರೆ ಬಣ್ಣ ಹತ್ತಿಗೆ ಬರುತ್ತದೆ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಬೇಕು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗೊಂಬೆಯ ಜೊತೆ ಕೊಟ್ಟರೆ ಸಿಸ್ಟರಿಗೆ ಉಪಕಾರ. ಒಪ್ಪದಿದ್ದರೆ ಮನೆಗೆ ಹೋಗುವ ದಿನ ಕೊಡಿ, ಅದಕ್ಕೇನು.

ಪುಸ್ತಕದ ವಿಷಯಕ್ಕೆ ನನ್ನ ಆಯ್ಕೆ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’. ತಿಂಗಳಿಗೊಂದರಂತೆ ಹನ್ನೆರಡು ಸಂಪುಟ, ದಿನಕ್ಕೆ ಒಂದೇ ಕಥೆ. ಬರೆದವರು ಸ್ವತಃ ವೈದ್ಯೆ, ಕ್ಯಾನ್ಸರಿನ ಜೊತೆ ಬದುಕಿ 1991ರಲ್ಲಿ ತೀರಿಕೊಂಡವರು. ದಿನ ಎಣಿಸುತ್ತ ಮಲಗಿದ ಮಗುವಿಗೆ ಇದಕ್ಕಿಂತ ಒಪ್ಪುವ ಅಳತೆಯ ಪುಸ್ತಕ ಕನ್ನಡದಲ್ಲಿ ನನಗೆ ಕಂಡಿಲ್ಲ. ಓದಲು ಬಾರದ ತಾಯಂದಿರೂ ಇರುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಬಂದು ಓದಿ ಹೇಳುವವರು ಸಿಕ್ಕರೆ ಪುಸ್ತಕಕ್ಕಿಂತ ಅವರೇ ಹೆಚ್ಚು.

ಹುಟ್ಟುಹಬ್ಬದ ತಂಡಗಳಿಗೂ ಒಂದು ಮಾತು. ಹಣ್ಣು ನಿಲ್ಲಿಸಬೇಕಿಲ್ಲ, ಸಿಪ್ಪೆ ಸುಲಿದು ತಿನ್ನುವ ಬಾಳೆ, ಕಿತ್ತಳೆ ತನ್ನಿ, ತೊಳೆಯದ ದ್ರಾಕ್ಷಿ ಬೇಡ. ಮಕ್ಕಳ ವಾರ್ಡಿನ ಪಾಲಿನ ಬ್ರೆಡ್ಡಿನ ದುಡ್ಡಿಗೆ ದಪ್ಪ ಬಣ್ಣದ ಕಡ್ಡಿ, ಪ್ಯಾಡು, ಖಾಲಿ ಹಾಳೆ ಬರುತ್ತದೆ. ಎಷ್ಟು ಮಕ್ಕಳಿದ್ದಾರೆ, ಯಾವ ವಯಸ್ಸಿನವರು ಎಂದು ಹಿಂದಿನ ದಿನ ಫೋನ್ ಮಾಡಿ ಕೇಳಿದರೆ ಸಿಸ್ಟರ್ ಹೇಳುತ್ತಾರೆ. ಫೋಟೊ ಬೇಕೇ ಬೇಕಿದ್ದರೆ ಆಸ್ಪತ್ರೆಯ ಬೋರ್ಡಿನ ಮುಂದೆ ತೆಗೆಸಿಕೊಳ್ಳಿ, ಮಂಚದ ಮುಂದೆ ಬೇಡ.