ಮುಖ ಮುಚ್ಚಿಟ್ಟದ್ದನ್ನು ಕೈ ಹೇಳೀತೆ?

“ಡಾಕ್ಟರೇ, ಕೈ ನಡುಗದ ಹಾಗೆ ಒಂದು ಮಾತ್ರೆ ಬರೆದುಕೊಡಿ.”

ಕೇಳಿದವರು ಮೂವತ್ತೈದರ ಆಸುಪಾಸಿನ ಇಂಜಿನಿಯರು. ಕೆಲವು ವರ್ಷ ಅಮೆರಿಕದಲ್ಲಿದ್ದು ಬಂದವರು; ಅಲ್ಲಿ ಕಲಿತ ಪೋಕರ್ ಆಟವನ್ನು ಶನಿವಾರ ರಾತ್ರಿ ಗೆಳೆಯರೊಡನೆ ಬಿಲ್ಲೆಗಳನ್ನಿಟ್ಟು ಆಡುತ್ತಾರೆ. ಆಡುವಾಗ ಅವರ ಬೆರಳು ನಡುಗುತ್ತದಂತೆ. “ಇವನಿಗೆ ಒಳ್ಳೆಯ ಎಲೆ ಬಿದ್ದಿದೆ” ಎಂದು ಗೆಳೆಯರು ತಮ್ಮ ಎಲೆ ಕೆಳಗಿಟ್ಟು ಜಾರಿಕೊಳ್ಳುತ್ತಾರಂತೆ. ಯಾರೋ ಪ್ರೊಪ್ರನಲಾಲ್ ಮಾತ್ರೆಯ ಹೆಸರು ಹೇಳಿಕೊಟ್ಟಿದ್ದರು.

ಈ ಅನುಮಾನ ಹುರುಳಿಲ್ಲದ್ದೇನೂ ಅಲ್ಲ. ಒಳ್ಳೆಯ ಎಲೆ ಕಂಡೊಡನೆ ನಮ್ಮ ಹಿಡಿತಕ್ಕೆ ಸಿಗದ ಅನೈಚ್ಛಿಕ ನರವ್ಯೂಹ ಎಚ್ಚರಗೊಳ್ಳುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಬೆರಳು ಕಂಪಿಸುತ್ತದೆ. ಅಭ್ಯಾಸವಿದ್ದರೆ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಬಹುದು. ಇವುಗಳನ್ನು ತಡೆಯುವುದು ಕಷ್ಟ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸ್ವಾರಸ್ಯಕರವಾಗಿದೆ. ಭಾರತ ಮೂಲದ ಮನೋವಿಜ್ಞಾನಿ ನಳಿನಿ ಅಂಬಾಡಿ ಮತ್ತು ಸಂಗಡಿಗರು ನುರಿತ ಪೋಕರ್ ಆಟಗಾರರ ಚಿಕ್ಕ ವೀಡಿಯೋ ತುಣುಕುಗಳನ್ನು ಜನರಿಗೆ ತೋರಿಸಿದರು. ಮುಖ ಮಾತ್ರ ನೋಡಿದವರ ಊಹೆ ದಾರಿ ತಪ್ಪಿತು. ಬಿಲ್ಲೆಗಳನ್ನು ಮುಂದೆ ತಳ್ಳುವ ತೋಳನ್ನು ಮಾತ್ರ ನೋಡಿದವರು ಎಲೆಯ ಬಲವನ್ನು ತಕ್ಕಮಟ್ಟಿಗೆ ಸರಿಯಾಗಿ ಊಹಿಸಿದರು.

ಜಾಣರು ಓದುವ ಬಗೆ

ಹಾಗೆಂದು ಒಂದೇ ಲಕ್ಷಣ ನಂಬಿದರೆ ಮೋಸ ಹೋಗುತ್ತೀರಿ. ಅಡ್ರಿನಲಿನ್‌ಗೆ ಸಂತೋಷವೂ ಒಂದೇ, ಭಯವೂ ಒಂದೇ. ನುರಿತ ಆಟಗಾರ ಮುಖ್ಯವಾಗಿ ಗಮನಿಸುವುದು ಎದುರಾಳಿ ಪಣ ಕಟ್ಟುವ ರೀತಿಯನ್ನು. ಹೆಚ್ಚು ಪ್ರಚಾರದಲ್ಲಿರುವ ಹೋಲ್ಡೆಮ್ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆ. ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಐದು ಎಲೆ. 52 ಎಲೆಗಳಿಂದ ಎರಡೆರಡರಂತೆ 1,326 ಜೊತೆಗಳಾಗುತ್ತವೆ. ಆಟ ಶುರುವಾದಾಗ ಎದುರಾಳಿಯ ಕೈಯಲ್ಲಿ ಇವುಗಳಲ್ಲಿ ಯಾವುದಾದರೂ ಇರಬಹುದು. ಅವನು ಮೊದಲೇ ಪಣ ಏರಿಸಿದರೆ ದುರ್ಬಲ ಜೊತೆಗಳಲ್ಲಿ ಬಹುಪಾಲನ್ನು ಮನಸ್ಸಿನಲ್ಲೇ ಹೊಡೆದುಹಾಕಬೇಕು. ಎಕ್ಕದ ಜೋಡಿಗೆ ಆರು ಸಾಧ್ಯತೆಗಳು. ನಿಮ್ಮ ಕೈಯಲ್ಲೇ ಒಂದು ಎಕ್ಕವಿದ್ದರೆ ಅವು ಮೂರಕ್ಕಿಳಿಯುತ್ತವೆ. ಪ್ರತಿ ಹೊಸ ಎಲೆ, ಪ್ರತಿ ಪಣ ಪಟ್ಟಿಯನ್ನು ಕಿರಿದಾಗಿಸುತ್ತದೆ.

ನಾವು ವೈದ್ಯರು ಮಾಡುವುದೂ ಇದನ್ನೇ. ಜ್ವರವೆಂದು ಬಂದವರಿಗೆ ಟೈಫಾಯ್ಡ್, ಮಲೇರಿಯಾ, ಡೆಂಗೆ, ಫ್ಲೂ ಎಂದು ಮನಸ್ಸಿನಲ್ಲೇ ಪಟ್ಟಿ ಮಾಡಿ, ಒಂದೊಂದು ಪ್ರಶ್ನೆ, ಒಂದೊಂದು ಪರೀಕ್ಷೆಯಿಂದ ಕಳೆಯುತ್ತಾ ಹೋಗುತ್ತೇವೆ. ನಡುಕಕ್ಕೂ ಇಂಥದೇ ಪಟ್ಟಿಯಿದೆ: ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತದಲ್ಲಿ ಸಕ್ಕರೆ ಇಳಿಯುವುದು, ಅತಿಯಾದ ಕಾಫಿ, ನಿದ್ದೆಗೇಡು, ಮದ್ಯಪಾನ ತಟಕ್ಕನೆ ನಿಲ್ಲಿಸುವುದು, ವಂಶಪಾರಂಪರ್ಯದ ನಡುಕ, ಕೆಲವು ಔಷಧಿಗಳು.

ಇಂಜಿನಿಯರರ ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಸುಯ್ಯೆಂಬ ಸದ್ದು ಕೇಳಿತು. ವಿಚಾರಿಸಿದೆ. ಚಿಕ್ಕಂದಿನಿಂದ ಆಸ್ತಮಾ. ಗೆಳೆಯರ ಸಿಗರೇಟಿನ ಹೊಗೆಯಲ್ಲಿ ಉಸಿರು ಕಟ್ಟಿದಂತಾಗಿ, ಆಟದ ನಡುವೆ ನಾಲ್ಕಾರು ಸಲ ಸಾಲ್ಬುಟಮಾಲ್ ಇನ್‌ಹೇಲರ್ ಎಳೆದುಕೊಳ್ಳುತ್ತಿದ್ದರು. ಬೆರಳು ನಡುಗುವುದು ಈ ಔಷಧಿಯ ಪರಿಚಿತ ಅಡ್ಡಪರಿಣಾಮ. ಗೆಳೆಯರು ಓದುತ್ತಿದ್ದುದು ಎಲೆಯನ್ನಲ್ಲ, ಇನ್‌ಹೇಲರನ್ನು!

ಆ ಮಾತ್ರೆ ಬೇಡ

ಪ್ರೊಪ್ರನಲಾಲ್ ಅಡ್ರಿನಲಿನ್‌ನ ಕೆಲಸವನ್ನು ತಡೆದು ನಡುಕ ಇಳಿಸುತ್ತದೆ, ನಿಜ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಇದನ್ನು ಸೇವಿಸಿದ್ದ ಉತ್ತರ ಕೊರಿಯಾದ ಶೂಟರ್ ಒಬ್ಬನ ಎರಡು ಪದಕಗಳನ್ನು ಕಿತ್ತುಕೊಳ್ಳಲಾಯಿತು. ಆದರೆ ಆಸ್ತಮಾ ಇರುವವರಲ್ಲಿ ಇದು ಶ್ವಾಸನಾಳಗಳನ್ನು ಬಿಗಿಸಿ ಪ್ರಾಣಕ್ಕೇ ಸಂಚಕಾರ ತರಬಹುದು. ಸಾಲ್ಬುಟಮಾಲ್ ಸಹ ಆಗ ಸರಿಯಾಗಿ ಕೆಲಸ ಮಾಡದು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ ಕಾಣುವ ನಡುಕ, ಎದೆಬಡಿತಗಳನ್ನು ಮರೆಮಾಚುತ್ತದೆ. ವೈದ್ಯರ ಸಲಹೆಯಿಲ್ಲದೆ ನುಂಗಬೇಡಿ. ಈಗಾಗಲೇ ಸೇವಿಸುತ್ತಿರುವವರು ತಟಕ್ಕನೆ ನಿಲ್ಲಿಸಲೂ ಬೇಡಿ.

ಅವರಿಗೆ ಆಸ್ತಮಾ ಬರದಂತೆ ತಡೆಯುವ ಇನ್‌ಹೇಲರನ್ನು ದಿನವೂ ಬಳಸಲು ಹೇಳಿದೆ. ಆಟದ ಕೋಣೆಯಿಂದ ಸಿಗರೇಟನ್ನು ಹೊರಗಟ್ಟಿಸಿದೆ. ಎರಡು ತಿಂಗಳಲ್ಲಿ ಸುಯ್ಗುಟ್ಟುವಿಕೆ ನಿಂತಿತು, ನಡುಕವೂ ಹೋಯಿತು.

ಇನ್ನೊಂದು ಮಾತು. ಎದುರಾಳಿಯನ್ನು ಓದಬಲ್ಲೆನೆಂಬ ಹಮ್ಮು ಹಣ ಕಟ್ಟಿ ಆಡುವವರನ್ನು ಸುಲಭವಾಗಿ ಮುಳುಗಿಸುತ್ತದೆ. ಸೋತದ್ದನ್ನು ಹಿಂಪಡೆಯಲು ಮತ್ತೆ ಆಡುವುದು, ಸಾಲ ಮಾಡುವುದು, ಮನೆಯವರಿಗೆ ಸುಳ್ಳು ಹೇಳುವುದು ಕಂಡರೆ ಅದು ಹವ್ಯಾಸವಲ್ಲ, ಕಾಯಿಲೆಯಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ಗೀಳಿಗೂ ಜಾಗವಿದೆ. ಅಂಥವರು ಸಂಕೋಚಪಡದೆ ಮನೋವೈದ್ಯರನ್ನು ಕಾಣಲಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲಿ.

ಯಾರದೇ ಕೈ ನಡುಗುವುದನ್ನು ಕಂಡರೆ ಒಳಗಿನ ಗುಟ್ಟು ಬಯಲಾಯಿತೆಂದು ತೀರ್ಮಾನಿಸಬೇಡಿ. ಮೊದಲು “ಮೈ ಹುಷಾರಿದೆಯಾ?” ಎಂದು ಕೇಳಿ.