ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಶ್ರವಣಬೆಳಗೊಳದ ಮಗ್ಗುಲಿನ ಜಿನನಾಥಪುರವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಹನ್ನೆರಡನೆಯ ಶತಮಾನದಲ್ಲಿ ನೆಲೆಗೊಳಿಸಿದ ಊರು. ಅಲ್ಲಿನ ಶಾಂತಿನಾಥ ಬಸದಿಯನ್ನು ನೋಡಬಂದವರು ಜೈನ ಬಾಂಧವರು ಹೇಳುವ ನಾಲ್ಕು ದಾನಗಳನ್ನೂ ಕೇಳಿರಬಹುದು: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಭೈಷಜ್ಯವೆಂದರೆ ಔಷಧ. ಔಷಧವನ್ನು ಕೊಂಡು ಕೊಡುವುದು ಒಂದು ಬಗೆ. ಕೊಡುವವನ ರಕ್ತವೇ ಔಷಧವಾಗುವುದು ಇನ್ನೊಂದು ಬಗೆ. ಈ ಎರಡನೆಯ ದಾನದ ಕುರಿತು, ಅದಕ್ಕಿಂತ ಹೆಚ್ಚಾಗಿ ಅದು ಮುಗಿದ ನಂತರದ ದಿನಗಳ ಕುರಿತು, ಈ ವಾರ ನಮ್ಮ ಕುಟುಂಬಗಳೊಡನೆ ಮಾತನಾಡಬಯಸುತ್ತೇವೆ.

ಜನರು 'ಬೋನ್ ಮ್ಯಾರೋ ಬದಲಾಯಿಸುವುದು' ಎನ್ನುವ ಈ ಚಿಕಿತ್ಸೆಯಲ್ಲಿ ರೋಗಿಗೆ ಕತ್ತಿಯ ಕೆಲಸವಿಲ್ಲ. ರಕ್ತದ ಕ್ಯಾನ್ಸರ್, ತಲಸ್ಸೇಮಿಯ ಮುಂತಾದ ವ್ಯಾಧಿಗಳಲ್ಲಿ ರೋಗಿಯ ಮಜ್ಜೆಯನ್ನು ತೀವ್ರ ಔಷಧಗಳಿಂದ ಬರಿದು ಮಾಡಿ, ದಾನಿಯ ಆಕರಕೋಶಗಳನ್ನು ರಕ್ತ ಕೊಡುವಂತೆಯೇ ನಾಳದ ಮೂಲಕ ಹರಿಸುತ್ತಾರೆ. ಅವು ತಾವಾಗಿಯೇ ಎಲುಬಿನೊಳಗಿನ ನೆಲೆಯನ್ನು ಹುಡುಕಿಕೊಂಡು ಹೋಗಿ ಬೇರೂರುತ್ತವೆ. ನಮ್ಮ ದೇಶದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯೂ 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜೂ ಇದನ್ನು ಆರಂಭಿಸಿದವು. ಇಂದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೂ ಇದು ನಡೆಯುತ್ತದೆ. 'ಸ್ಟೆಮ್ ಸೆಲ್' ಎಂಬ ಮಾತು ಕೇಳಿದೊಡನೆ, ಧರ್ಮಸಭೆ ಇದನ್ನು ನಿಷೇಧಿಸಿದೆಯಲ್ಲವೇ ಎಂದು ಅಳುಕುವವರಿದ್ದಾರೆ. ನಿಷೇಧವಿರುವುದು ಮಾನವ ಭ್ರೂಣವನ್ನು ನಾಶಮಾಡಿ ತೆಗೆಯುವ ಕೋಶಗಳಿಗೆ. ಜಗದ್ಗುರು ಎರಡನೇ ಜಾನ್ ಪೌಲರು 2000ದ ಆಗಸ್ಟ್ 29ರಂದು ಕಸಿ ವೈದ್ಯರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಾತನಾಡುತ್ತಾ, ಭ್ರೂಣಕೋಶಗಳನ್ನು ಬಿಟ್ಟು ವಯಸ್ಕರಿಂದ ಪಡೆದ ಆಕರಕೋಶಗಳ ಹಾದಿಯನ್ನೇ ತೋರಿದರು. ಆದುದರಿಂದ ಈ ವಿಷಯದಲ್ಲಿ ಯಾರ ಮನಸ್ಸಾಕ್ಷಿಯೂ ಕಳವಳಪಡಬೇಕಿಲ್ಲ.

ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಹೊಂದಾಣಿಕೆಗೂ ನಾಲ್ಕರಲ್ಲೊಂದು ಸಾಧ್ಯತೆ. ಈಗ ಅರ್ಧ ಹೊಂದುವ ತಂದೆ ತಾಯಿಯರಿಂದಲೂ ಪಡೆಯುವ ವಿಧಾನ ಬಂದಿದೆ. ದಾನಿಯ ಬೆನ್ನುಮೂಳೆಗೆ ಚುಚ್ಚುತ್ತಾರೆಂಬ ಭಯ ನಿರಾಧಾರ. ಬಹುಪಾಲು ತೋಳಿನ ನಾಳದಿಂದ, ಕೆಲವೊಮ್ಮೆ ಸೊಂಟದ ಎಲುಬಿನಿಂದ ತೆಗೆಯುತ್ತಾರೆ. ಕಸಿ ಫಲಿಸಿದರೆ ರೋಗಿಯ ರಕ್ತದ ಗುಂಪೇ ದಾನಿಯದಾಗುತ್ತದೆ. ಅಕ್ಕನ ರಕ್ತ ಹರಿಯುವ ತಮ್ಮ ಇನ್ನು ಯಾರು? ಸಂತ ತೋಮಾಸ್ ಅಕ್ವಿನಾಸರ ಶಿಷ್ಯರಿಗೆ ಉತ್ತರ ಸುಲಭ: ದೇಹಕ್ಕೆ ರೂಪ ಕೊಡುವುದು ಆತ್ಮ, ಆದುದರಿಂದ ಅವನು ಅವನೇ. ಆದರೆ ಕೋಶ ಕೊಟ್ಟ ಆ ಅಕ್ಕನನ್ನು ನಾವು ಮರೆಯುತ್ತೇವೆ. ತಮ್ಮ ಉಳಿಯದೆ ಹೋದರೆ ತನ್ನ ರಕ್ತವೇ ಸಾಲದಾಯಿತೆಂದು ಆ ಮಗು ಒಳಗೊಳಗೇ ನವೆಯಬಹುದು. ಅದು ನಿನ್ನ ತಪ್ಪಲ್ಲವೆಂದು ತಂದೆ ತಾಯಿಯರು ಬಾಯಿಬಿಟ್ಟು ಹೇಳಬೇಕು, ಒಮ್ಮೆಯಲ್ಲ, ಹಲವು ಬಾರಿ.

ಇನ್ನು ಫಲಿತಾಂಶ. ಕಸಿಯ ಬಳಿಕ ಎರಡು ವರ್ಷ ರೋಗ ಮರುಕಳಿಸದೆ ಬದುಕಿದ್ದ 10,632 ಮಂದಿಯನ್ನು ಅನುಸರಿಸಿ 2011ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, ಹತ್ತನೆಯ ವರ್ಷದಲ್ಲೂ ಬದುಕಿರುವ ಸಂಭವ ಶೇಕಡ 85. ಇದು ದೊಡ್ಡ ಭರವಸೆ. ಆದರೆ ಈ ಲೆಕ್ಕ ಮೊದಲೆರಡು ವರ್ಷಗಳನ್ನು ದಾಟಿದವರದು ಎಂಬುದನ್ನು ಮರೆಯಬಾರದು. 2010ರ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಬದುಕುಳಿದವರಲ್ಲಿ ಶೇಕಡ 66 ಮಂದಿಗೆ ಯಾವುದಾದರೊಂದು ದೀರ್ಘಕಾಲದ ವ್ಯಾಧಿಯಿತ್ತು. ಅವರ ಒಡಹುಟ್ಟಿದವರಲ್ಲಿ ಅದು ಶೇಕಡ 39. ಹೊಸ ರಕ್ತವು ಹಳೆಯ ದೇಹವನ್ನು ಪರಕೀಯವೆಂದು ಭಾವಿಸಿ ಚರ್ಮ, ಕರುಳು, ಯಕೃತ್ತು, ಕಣ್ಣುಗಳ ಮೇಲೆ ಎರಗುವುದುಂಟು. ಕಣ್ಣಿನ ಪೊರೆ, ಥೈರಾಯ್ಡ್ ದೋಷ, ಎಲುಬಿನ ಸವೆತ, ಬಂಜೆತನ ವರ್ಷಗಳ ನಂತರವೂ ಕಾಣಿಸಬಹುದು. ಎಂದರೆ, ಮಗ ಗುಣವಾಗಿ ಬಂದನೆಂದು ಹರಕೆ ತೀರಿಸಿದ ದಿನ ಶುಶ್ರೂಷೆ ಮುಗಿಯುವುದಿಲ್ಲ.

ಮೊದಲ ನೂರು ದಿನಗಳು ಅತ್ಯಂತ ಸೂಕ್ಷ್ಮವಾದವು. ಜಿನನಾಥಪುರದ ಸೀಮೆಯಿಂದ ಬೆಂಗಳೂರು 150 ಕಿಲೋಮೀಟರಿಗೆ ಹತ್ತಿರ. ನಡುರಾತ್ರಿಯಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ. ಆದ್ದರಿಂದಲೇ ಆಸ್ಪತ್ರೆಯ ಸಮೀಪ ಕೋಣೆ ಹಿಡಿದಿರಿ ಎಂದು ವೈದ್ಯರು ಹೇಳುವುದು. ಆ ಬಾಡಿಗೆಯನ್ನು ಧರ್ಮಕೇಂದ್ರದವರು ಹಂಚಿಕೊಂಡರೆ ಹಾರ, ಹಣ್ಣಿನ ಬುಟ್ಟಿಗಳಿಗಿಂತ ಸಾವಿರ ಪಾಲು ಮೇಲು. ಮನೆಗೆ ಬರುವನೆಂದು ಗೋಡೆ ಕೆರೆದು ಸುಣ್ಣ ಬಳಿಯುವವರಿದ್ದಾರೆ. ಆ ದೂಳು, ಹುಲ್ಲಿನ ಮೆದೆ, ಕೊಟ್ಟಿಗೆಯ ಗೊಬ್ಬರಗಳಲ್ಲಿರುವ ಬೂಷ್ಟಿನ ಕಣಗಳು ಇವನ ಶ್ವಾಸಕೋಶಕ್ಕೆ ಮಾರಕವಾಗಬಲ್ಲವು. ಚಕ್ಕೋತದ ಹಣ್ಣು ಕೂಡ ಕಸಿ ರೋಗಿಗಳ ಕೆಲವು ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ನಾಟಿ ಔಷಧದ ಮಾತಂತೂ ಬೇಡ. ಶೈಶವದ ಚುಚ್ಚುಮದ್ದುಗಳನ್ನು ಮತ್ತೆ ಮೊದಲಿನಿಂದ ಹಾಕಿಸಬೇಕಾಗುತ್ತದೆ.

ನೋಡಲು ಬರುವ ಜನಸಂದಣಿಯ ವಿಷಯ ಹೇಳಲು ನಮಗೆ ಸಂಕೋಚವಿಲ್ಲ. ಯಾಯೀರನ ಮಗಳ ಬಳಿಗೆ ಹೋದಾಗ ಯೇಸುಸ್ವಾಮಿ ಮೊದಲು ಮಾಡಿದ್ದು ಗೋಳಾಡುವ ಗುಂಪನ್ನು ಹೊರಗೆ ಕಳುಹಿಸಿದ್ದು. ತಂದೆ ತಾಯಿಯನ್ನೂ ಮೂವರು ಶಿಷ್ಯರನ್ನೂ ಮಾತ್ರ ಒಳಗೆ ಕರೆದುಕೊಂಡರು. ಹುಡುಗಿ ಎದ್ದ ಮೇಲೆ ಅವಳಿಗೆ ಊಟ ಕೊಡಲು ಹೇಳಿದರು. ಕಸಿ ರೋಗಿಯ ಮನೆಗೆ ಇದಕ್ಕಿಂತ ತಕ್ಕ ಕ್ರಮವನ್ನು ನಾವು ಕಾಣೆವು.

ಆರೈಕೆ ಮಾಡುವವರ ಗತಿಯೇನು? ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ 160 ಕಸಿ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೋವು ಶಮನ ಮಾಡುವ ವೈದ್ಯರ ತಂಡವನ್ನು ಮೊದಲಿನಿಂದಲೇ ಜೊತೆಗಿರಿಸಿದಾಗ ರೋಗಿಗಳ ಬಾಳು ಅಷ್ಟು ಹದಗೆಡಲಿಲ್ಲ. ಅವರನ್ನು ನೋಡಿಕೊಳ್ಳುವವರ ಖಿನ್ನತೆಯೂ ಅಷ್ಟು ಹೆಚ್ಚಲಿಲ್ಲ. ಆ ತಂಡ ಕೈಬಿಡಲು ಬಂದುದಲ್ಲ, ಕೈಹಿಡಿಯಲು ಬಂದುದು. ನಮ್ಮಲ್ಲಿ ಅದು ಸಿಕ್ಕಲಿ ಸಿಗದಿರಲಿ, ಮೂರು ತಿಂಗಳು ನಿದ್ದೆಗೆಟ್ಟ ತಾಯಿಯ ಬದಲು ಒಂದು ರಾತ್ರಿ ಕೂರಲು ಆರೋಗ್ಯವಂತಳಾದ ಒಬ್ಬ ಚಿಕ್ಕಮ್ಮ ಸಾಕು.

ಗುಣಮುಖರಾದ ಯುವಕ ಯುವತಿಯರ ಮದುವೆಯ ಪ್ರಶ್ನೆ ಇನ್ನೂ ಕಠಿಣವಾದುದು. ಸಂಬಂಧ ಕುದುರಲೆಂದು ಕಾಯಿಲೆಯನ್ನೂ, ಮಕ್ಕಳಾಗುವುದು ಕಷ್ಟವೆಂಬುದನ್ನೂ ಮುಚ್ಚಿಡುವ ಹಿರಿಯರಿದ್ದಾರೆ. ಧರ್ಮಸಭೆಯ ಶಾಸನಸಂಹಿತೆಯ 1084ನೆಯ ವಿಧಿಯಂತೆ ಬಂಜೆತನವು ವಿವಾಹಕ್ಕೆ ಅಡ್ಡಿಯೂ ಅಲ್ಲ, ಅದನ್ನು ಅಸಿಂಧುಗೊಳಿಸುವುದೂ ಇಲ್ಲ. ಆದರೆ 1098ನೆಯ ವಿಧಿಯಂತೆ, ಒಪ್ಪಿಗೆ ಪಡೆಯಲೆಂದು ದಾಂಪತ್ಯಕ್ಕೆ ತೀವ್ರ ಧಕ್ಕೆ ತರುವಂಥ ಸಂಗತಿಯನ್ನು ಮರೆಮಾಚಿ ವಂಚಿಸಿದರೆ ಆ ವಿವಾಹವೇ ಅಸಿಂಧು. ಸತ್ಯ ಹೇಳಿದ ಹುಡುಗಿಗೆ ಧರ್ಮಸಭೆಯ ಬಾಗಿಲು ತೆರೆದಿದೆ. ಮುಚ್ಚಿಟ್ಟು ಕಟ್ಟಿದ ತಾಳಿ ಆಕೆಯನ್ನು ಕಾಪಾಡದು. ನಿಶ್ಚಿತಾರ್ಥಕ್ಕೆ ಮೊದಲೇ ಗುರುಗಳ ಬಳಿ ಬನ್ನಿ.

ಕೊನೆಯದಾಗಿ ಪೂಜೆ ಸಂಸ್ಕಾರಗಳ ಸಂಗತಿ. ವೈದ್ಯರು ಜನರ ನಡುವೆ ಹೋಗಬೇಡವೆಂದಿರುವಾಗ ಭಾನುವಾರದ ಬಲಿಪೂಜೆಗೆ ಬಾರದಿರುವುದು ಪಾಪವಲ್ಲ. ಹಲವು ಕೈಗಳದ್ದಿದ ದೇವಾಲಯದ ತೀರ್ಥದ ಬಟ್ಟಲು ಸದ್ಯಕ್ಕೆ ಬೇಡ. ರೋಗಿಗಳ ತೈಲಲೇಪನ ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲ. ಕಸಿಗೆ ಹೊರಡುವ ಮುನ್ನವೇ ಕೇಳಿರಿ. ಪರಮಪ್ರಸಾದವನ್ನು ಗುರುಗಳೇ ಕೈ ತೊಳೆದು, ಮುಖಗವುಸು ಧರಿಸಿ ಮನೆಗೆ ತರುತ್ತಾರೆ. ಸ್ವೀಕಾರಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗಿಲ್ಲ. 919ನೆಯ ವಿಧಿ ಈ ವಿನಾಯಿತಿಯನ್ನು ಅವರ ಆರೈಕೆ ಮಾಡುವವರಿಗೂ ಕೊಟ್ಟಿದೆ. ಆದುದರಿಂದ, ಅಮ್ಮ, ನೀವೂ ಕಾಫಿ ಕುಡಿದೇ ಬಂದು ಮಗನ ಪಕ್ಕದಲ್ಲಿ ಕುಳಿತು ಸ್ವೀಕರಿಸಬಹುದು.